ಹೊಸ ಬೋರಿಗೆ ಒಪ್ಪುವ ಜೆಟ್

ಬೋರ್ ಮಾಡಿಸಿ, ಹೊಸ ಪಿಸ್ಟನ್-ರಿಂಗ್ ಹಾಕಿಸಿದ ಟೂ-ಸ್ಟ್ರೋಕ್ ಗಾಡಿ ವಾರ ಕಳೆಯುವಷ್ಟರಲ್ಲಿ ಸೀಜ್ ಆದರೆ ತಪ್ಪೆಲ್ಲ ಬೋರಿಂಗ್ ಶಾಪಿನವರ ತಲೆಗೆ ಬರುತ್ತದೆ, ಇಲ್ಲವೇ ಪಿಸ್ಟನ್ ಮಾರಿದವರ ತಲೆಗೆ. ಕ್ಲಿಯರೆನ್ಸ್ ಬಿಗಿಯಾಗಿ ಬಿಟ್ಟಿದ್ದರೆ ಹಾಗಾಗುವುದೂ ಉಂಟು. ಆದರೆ ಹೆಡ್ ಬಿಚ್ಚಿದಾಗ ಪಿಸ್ಟನ್ನಿನ ತಲೆ ಬಿಳಿಚಿಕೊಂಡಿದ್ದು, ಎಕ್ಸಾಸ್ಟ್ ಪೋರ್ಟಿನ ಕಡೆ ಉದ್ದುದ್ದ ಗೀರು ಬಿದ್ದು, ಪ್ಲಗ್ಗಿನ ಪಿಂಗಾಣಿ ಬೆಳ್ಳಗಾಗಿದ್ದರೆ ದೋಷವನ್ನು ಬೇರೆ ಕಡೆ ಹುಡುಕಬೇಕು. ಎಂಜಿನ್ ಎಳೆದುಕೊಂಡ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಅದಕ್ಕೆ ಸಿಕ್ಕಿಲ್ಲ. ಬಿಸಿ ಏರಿ ಪಿಸ್ಟನ್ ಹಿಗ್ಗಿದೆ, ಬೋರನ್ನು ಕಚ್ಚಿಕೊಂಡಿದೆ.

ಯಮಹಾ ಆರ್‌ಎಕ್ಸ್ 100 ನಮ್ಮ ದೇಶದಲ್ಲಿ 1985ರಿಂದ 1996ರವರೆಗೆ ತಯಾರಾಯಿತು. ಮೈಸೂರಿನ ಕಾರ್ಖಾನೆಯಲ್ಲಿ ಯೆಜ್ಡಿ ತಯಾರಿಕೆ ನಿಂತದ್ದೂ 1996ರಲ್ಲೇ. ಚಿಕ್ಕಮಗಳೂರು, ಸಕಲೇಶಪುರ, ಮಡಿಕೇರಿ ಕಡೆಯ ತೋಟದ ಹಾದಿಗಳಲ್ಲಿ, ಮಣ್ಣಿನ ಟ್ರ್ಯಾಕುಗಳಲ್ಲಿ ಇಂದಿಗೂ ಓಡುತ್ತಿರುವ ಇಂಥ ಗಾಡಿಗಳಲ್ಲಿ ಬಹುಪಾಲು ಒಂದಲ್ಲ ಒಂದು ಸಲ ಎಂಜಿನ್ ಕೆಲಸ ಮಾಡಿಸಿಕೊಂಡವೇ. ದುಡ್ಡು ಸುರಿದು ಮಾಡಿಸಿದ ಆ ಕೆಲಸ ಉಳಿಯುವುದೂ ಹಾಳಾಗುವುದೂ ಕಾರ್ಬೊರೇಟರಿನೊಳಗೆ ಪೆಟ್ರೋಲ್ ಅಳೆದು ಬಿಡುವ ಎರಡು ಪುಟ್ಟ ಹಿತ್ತಾಳೆ ಜೆಟ್ಟುಗಳ, ಮೇನ್ ಮತ್ತು ಪೈಲಟ್ಟುಗಳ, ಮೇಲೆ ನಿಂತಿದೆ. ಇಲ್ಲಿ ಆರ್‌ಎಕ್ಸ್ 100 ಮತ್ತು ಅದರ ಮಿಕುನಿ ವಿಎಂ ಕಾರ್ಬೊರೇಟರನ್ನು ಎದುರಿಗಿಟ್ಟುಕೊಂಡಿದ್ದೇನೆ. ಸ್ಲೈಡ್ ಇರುವ ಯಾವುದೇ ಕಾರ್ಬಿಗೂ ಈ ಕ್ರಮ ಹೊಂದುತ್ತದೆ.

ಮೊದಲಿಗೆ ಒಂದು ನಂಬಿಕೆಯನ್ನು ಬದಿಗಿಡಬೇಕು. ಬೋರ್ ದೊಡ್ಡದಾಯಿತು, ಹಾಗಾಗಿ ಜೆಟ್ಟೂ ದೊಡ್ಡದಾಗಬೇಕು ಎನ್ನುವುದು. ಆರ್‌ಎಕ್ಸ್ 100ರ ಬೋರ್ 50 ಮಿ.ಮೀ., ಸ್ಟ್ರೋಕೂ 50 ಮಿ.ಮೀ., ಒಟ್ಟು 98 ಸಿಸಿ. 0.50 ಓವರ್‌ಸೈಜ್ ಪಿಸ್ಟನ್ ಹಾಕಿದರೆ ಸಿಸಿ ಹೆಚ್ಚುವುದು ಶೇ 2ರಷ್ಟು ಮಾತ್ರ. ಅಷ್ಟಕ್ಕೆ ಜೆಟ್ ಬದಲಿಸಬೇಕಾಗಿಲ್ಲ. ಬದಲಿಸಬೇಕಾಗುವುದು ಬೇರೆ ಕಾರಣಗಳಿಗೆ: ಏರ್ ಫಿಲ್ಟರ್ ಬದಲಾಗಿದೆ, ಎಕ್ಸ್‌ಪಾನ್ಷನ್ ಚೇಂಬರ್ ಸೈಲೆನ್ಸರ್ ಬಂದಿದೆ, ಪೋರ್ಟ್ ಉಜ್ಜಿಸಿದ್ದೀರಿ, ಊರಿನ ಎತ್ತರ ಬೇರೆ, ಪೆಟ್ರೋಲೇ ಬೇರೆ. ಈ ಕೊನೆಯದಕ್ಕೆ ಮುಂದೆ ಬರುತ್ತೇನೆ, ಅದು ಜನ ಅಂದುಕೊಂಡಿರುವುದಕ್ಕಿಂತ ದೊಡ್ಡ ವಿಷಯ.

ಗ್ಯಾರೇಜಿನ ಮಾತಿನಲ್ಲಿ ಪೆಟ್ರೋಲ್ ಹೆಚ್ಚಾದ ಮಿಶ್ರಣ ರಿಚ್, ಗಾಳಿ ಹೆಚ್ಚಾದದ್ದು ಲೀನ್. ಎರಡೂ ತಪ್ಪೇ, ಆದರೆ ಸಮಾನ ತಪ್ಪುಗಳಲ್ಲ. ರಿಚ್ ಆದ ಗಾಡಿ ಹೊಗೆ ಬಿಡುತ್ತದೆ, ಪ್ಲಗ್ ಒದ್ದೆ ಮಾಡಿಕೊಳ್ಳುತ್ತದೆ, ಎಳೆತ ಕಡಿಮೆಯಾಗುತ್ತದೆ. ಪ್ಲಗ್ ಒರೆಸಿ ಮತ್ತೆ ಹೊರಡಬಹುದು. ಲೀನ್ ಆದದ್ದು ಪಿಸ್ಟನ್ ತಿನ್ನುತ್ತದೆ. ಟೂ-ಸ್ಟ್ರೋಕಿನಲ್ಲಿ ಪೆಟ್ರೋಲ್ ಬರೀ ಉರಿಯುವ ವಸ್ತುವಲ್ಲ. ಕ್ರ್ಯಾಂಕ್‌ಕೇಸಿನ ಮೂಲಕ ಹಾದುಬರುವಾಗ ಪಿಸ್ಟನ್ನಿನ ಕೆಳಭಾಗವನ್ನು ತಣಿಸುವುದೂ ಅದೇ, ಎಣ್ಣೆ ಬೆರೆಸಿ ಓಡಿಸುವ ಗಾಡಿಗಳಲ್ಲಿ ಬೇರಿಂಗಿಗೆ ಎಣ್ಣೆ ತಲುಪಿಸುವುದೂ ಅದೇ. ಇನ್ನೊಂದು ಅಪಾಯವೆಂದರೆ, ಸ್ವಲ್ಪ ಲೀನ್ ಆದ ಗಾಡಿ ಸೀಜ್ ಆಗುವ ಮುನ್ನ ಬಹಳ ಚೆನ್ನಾಗಿ ಓಡುತ್ತದೆ. ಹಗುರವಾಗಿ, ಚುರುಕಾಗಿ, ಹೊಗೆಯಿಲ್ಲದೆ. ಆ ಓಟ ನೋಡಿ ಟ್ಯೂನಿಂಗ್ ಕೂತಿತು ಎಂದುಕೊಂಡು ಪೂರ್ತಿ ಥ್ರಾಟಲ್ ತಿರುಗಿಸಿದವರ ಪಿಸ್ಟನ್ನೇ ಹೋಗುವುದು. ಹಾಗಾಗಿ ಟ್ಯೂನಿಂಗ್ ಯಾವತ್ತೂ ರಿಚ್ ಕಡೆಯಿಂದ ಶುರುವಾಗಬೇಕು, ಒಂದೊಂದೇ ಹೆಜ್ಜೆ ಕೆಳಗಿಳಿಯಬೇಕು.

ಜೆಟ್ ಮುಟ್ಟುವ ಮೊದಲು

ಎಂಜಿನ್ ಕಟ್ಟಿದ ಮೇಲೆ ಜೆಟ್ಟಿಂಗ್ ಕೊನೆಯ ಕೆಲಸ. ಮಿಕ್ಕ ದೋಷಗಳನ್ನು ಜೆಟ್ಟಿನಿಂದ ಮುಚ್ಚಲು ಹೋದರೆ ಎರಡು ದೋಷಗಳು ಒಂದರೊಳಗೊಂದು ಸಿಕ್ಕಿಕೊಂಡು ಬಿಡಿಸಲಾಗದ ಗಂಟಾಗುತ್ತವೆ.

ಅವುಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಗಾಳಿ ಸೋರಿಕೆ. ಮೆಕ್ಯಾನಿಕ್‌ಗಳು "ಏರ್ ತಗೋತಿದೆ" ಎನ್ನುವುದು ಇದಕ್ಕೇ. ಟೂ-ಸ್ಟ್ರೋಕಿನಲ್ಲಿ ಕ್ರ್ಯಾಂಕ್‌ಕೇಸೇ ಪಂಪು. ಪಿಸ್ಟನ್ ಮೇಲೇರುವಾಗ ಕೆಳಗೆ ಎಳೆತ ಹುಟ್ಟಿ ಕಾರ್ಬಿನಿಂದ ಮಿಶ್ರಣ ಬರುತ್ತದೆ. ಆ ಕೋಣೆಗೆ ಕಾರ್ಬ್ ಬಿಟ್ಟು ಬೇರೆಲ್ಲಿಂದಾದರೂ ಗಾಳಿ ನುಗ್ಗಿದರೆ ಮಿಶ್ರಣ ಲೀನ್. ಮ್ಯಾಗ್ನೆಟ್ ಕಡೆಯ ಆಯಿಲ್ ಸೀಲ್, ಎರಡು ಕೇಸುಗಳ ನಡುವಿನ ಪ್ಯಾಕಿಂಗ್, ಬ್ಲಾಕಿನ ಕೆಳಗಿನ ಪ್ಯಾಕಿಂಗ್, ರೀಡ್ ವಾಲ್ವಿನ ಜಾಗ, ಬಿಸಿಲಿಗೆ ಬಿರಿದ ಕಾರ್ಬ್ ಜಾಯಿಂಟ್ ರಬ್ಬರ್, ಇವೆಲ್ಲ ಶಂಕಿತರು. ಕ್ಲಚ್ ಕಡೆಯ ಸೀಲ್ ಸೋತರೆ ಲಕ್ಷಣ ಬೇರೆ: ಎಂಜಿನ್ ಗೇರ್ ಆಯಿಲನ್ನೇ ಎಳೆದುಕೊಳ್ಳುತ್ತದೆ, ದಟ್ಟ ಬಿಳಿ ಹೊಗೆ ಬಂದು ಸುಟ್ಟ ಎಣ್ಣೆಯ ವಾಸನೆ ಹೊಡೆಯುತ್ತದೆ, ಗೇರ್ ಆಯಿಲ್ ಮಟ್ಟ ಇಳಿಯುತ್ತಾ ಹೋಗುತ್ತದೆ.

ಇದನ್ನು ಪರೀಕ್ಷಿಸಲು ದುಬಾರಿ ಸಲಕರಣೆ ಬೇಡ. ಕೈಯಲ್ಲಿ ಒತ್ತುವ ಬಲ್ಬು ಮತ್ತು ಡಯಲ್ ಇರುವ ಹಳೆಯ ಬಿಪಿ ಉಪಕರಣ ಸಾಕು. ಡಯಲ್ಲಿನ 300ರ ಗುರುತು ಎಂದರೆ ಸುಮಾರು 5.8 ಪಿಎಸ್ಐ. ಪ್ಲಗ್ ಹಾಕಿ ಬಿಗಿಮಾಡಿ, ಪಿಸ್ಟನ್ನನ್ನು ಪೂರ್ತಿ ಕೆಳಕ್ಕೆ ತನ್ನಿ. ಎಕ್ಸಾಸ್ಟ್ ಬಾಯಿಗೆ ಟ್ಯೂಬ್ ರಬ್ಬರ್ ಮತ್ತು ತಗಡಿನ ಪಟ್ಟಿ ಇಟ್ಟು ಮುಚ್ಚಿ. ಕಾರ್ಬ್ ಜಾಯಿಂಟ್ ರಬ್ಬರಿನ ಬಾಯಿಗೆ ರಬ್ಬರ್ ಬಿರಡೆ ತುರುಕಿ, ಅದರಲ್ಲಿ ತೂತು ಮಾಡಿ ಬಲ್ಬಿನ ಕೊಳವೆ ಸೇರಿಸಿ. ನಿಧಾನವಾಗಿ ಒತ್ತಿ ಡಯಲ್ 260-280ರ ಹತ್ತಿರ ಬಂದಾಗ ನಿಲ್ಲಿಸಿ. ಅದಕ್ಕಿಂತ ಹೆಚ್ಚು ಬೇಡ, ಸೀಲ್ ಮಡಚಿಕೊಳ್ಳಬಹುದು. ಮುಳ್ಳು ಐದಾರು ನಿಮಿಷ ಹೆಚ್ಚುಕಡಿಮೆ ಅಲ್ಲೇ ನಿಂತರೆ ಎಂಜಿನ್ ಗಟ್ಟಿ. ಕಣ್ಣೆದುರೇ ಇಳಿಯುತ್ತಿದ್ದರೆ ಸೋಪಿನ ನೀರನ್ನು ಬ್ರಶ್ಶಿನಿಂದ ಒಂದೊಂದೇ ಜಾಯಿಂಟಿಗೆ ಸವರಿ, ಗುಳ್ಳೆ ಏಳುವ ಜಾಗ ಸಿಕ್ಕೇ ಸಿಗುತ್ತದೆ. ಎಲ್ಲಿಯೂ ಗುಳ್ಳೆ ಇಲ್ಲ, ಆದರೂ ಮುಳ್ಳು ಇಳಿಯುತ್ತಿದೆಯೆಂದರೆ ಮ್ಯಾಗ್ನೆಟ್ ಬಿಚ್ಚಿ ಅದರ ಹಿಂದಿನ ಸೀಲ್ ನೋಡಿ, ಅದೂ ಅಲ್ಲದಿದ್ದರೆ ಗೇರ್ ಆಯಿಲ್ ತುಂಬುವ ಬಾಯಿಗೆ ಕಿವಿ ಕೊಡಿ, ಕ್ಲಚ್ ಕಡೆಯ ಸೀಲಿನ ಸದ್ದು ಅಲ್ಲಿ ಕೇಳುತ್ತದೆ. ಎಂಜಿನ್ ಕೆಲಸ ಮಾಡಿಸುವವರು ಈ ಪರೀಕ್ಷೆಯನ್ನು ಮೆಕ್ಯಾನಿಕ್ ಹತ್ತಿರ ಕೇಳಿ ಮಾಡಿಸಬೇಕು, ಎಂಜಿನ್ ಫ್ರೇಮಿಗೆ ಕೂರುವ ಮೊದಲೇ. ಒಂದು ಗಂಟೆಯ ಈ ಕೆಲಸದಷ್ಟು ಪಿಸ್ಟನ್ ಉಳಿಸುವುದು ಇನ್ನೊಂದಿಲ್ಲ.

ಮಿಕ್ಕವನ್ನು ಬೇಗ ಹೇಳಿಬಿಡುತ್ತೇನೆ. ಇಗ್ನಿಷನ್ ಟೈಮಿಂಗ್ ಸರಿಯಿರಬೇಕು. ಮುಂದೆ ಹೋದ ಟೈಮಿಂಗ್ ಕೊಡುವ ಬಿಸಿಯೂ ಲೀನ್ ಮಿಶ್ರಣ ಕೊಡುವ ಬಿಸಿಯೂ ಒಂದೇ ಥರ ಕಾಣುತ್ತವೆ. ರೀಡ್ ಪಟ್ಟಿಗಳ ಅಂಚು ಚಕ್ಕೆ ಎದ್ದಿರಬಾರದು. ಸೈಲೆನ್ಸರಿನ ಬ್ಯಾಫಲ್ ತೆಗೆದು ಮಸಿ ಕೆರೆಸಿರಬೇಕು. ಫೋಮ್ ಫಿಲ್ಟರ್ ತೊಳೆದು, ಎಣ್ಣೆ ಹಚ್ಚಿ, ಓಡಿಸುವಾಗ ಹೇಗಿರುತ್ತದೋ ಹಾಗೆಯೇ ಜೋಡಿಸಿರಬೇಕು. ಫಿಲ್ಟರ್ ತೆಗೆದಿಟ್ಟು ಟ್ಯೂನ್ ಮಾಡಿದರೆ ಆ ಟ್ಯೂನಿಂಗಿಗೆ ಅರ್ಥವಿಲ್ಲ. ಆಟೋಲ್ಯೂಬ್ ಪಂಪ್ ಉಳಿಸಿಕೊಂಡಿದ್ದರೆ ಕೊಳವೆಯಲ್ಲಿನ ಗಾಳಿ ಹೊರತೆಗೆದು, ಕೇಬಲ್ ಗುರುತು ಕೂಡಿಸಿ, ಮೊದಲ ಟ್ಯಾಂಕಿಗೆ ಸ್ವಲ್ಪ 2ಟಿ ಎಣ್ಣೆಯನ್ನು ಪೆಟ್ರೋಲಿಗೂ ಬೆರೆಸಿ.

ಪಂಪ್ ತೆಗೆಸಿ ಎಣ್ಣೆ ಬೆರೆಸುವವರು ಪ್ರಮಾಣವನ್ನು ಒಮ್ಮೆ ತೀರ್ಮಾನಿಸಿ ಅದಕ್ಕೇ ಅಂಟಿಕೊಳ್ಳಬೇಕು. ಲೀಟರಿಗೆ 25 ಮಿ.ಲೀ. ಎಂದರೆ 40:1, 33 ಮಿ.ಲೀ. ಎಂದರೆ ಸುಮಾರು 30:1. ಎಣ್ಣೆ ಹೆಚ್ಚಾದಷ್ಟೂ ಮಿಶ್ರಣ ರಿಚ್ ಎಂದು ಹಲವರು ತಿಳಿದಿದ್ದಾರೆ. ಆಗುವುದು ಅದಕ್ಕೆ ವಿರುದ್ಧ. ಜೆಟ್ಟಿನ ತೂತಿನಲ್ಲಿ ಎಣ್ಣೆ ಜಾಗ ತಿಂದಷ್ಟೂ ಪೆಟ್ರೋಲ್ ಕಡಿಮೆ ಬರುತ್ತದೆ, ಗಾಳಿಯ ಲೆಕ್ಕದಲ್ಲಿ ಮಿಶ್ರಣ ಲೀನ್ ಆಗುತ್ತದೆ. ಭಯಕ್ಕೆ ಎಣ್ಣೆ ಹೆಚ್ಚಿಸಿದರೆ ಜೆಟ್ಟನ್ನೂ ಮತ್ತೆ ನೋಡಬೇಕು.

ಇನ್ನು ಕಾರ್ಬ್. ಮೂವತ್ತು ವರ್ಷ ಹಳೆಯ ಕಾರ್ಬನ್ನು ತೊಳೆದು ಹಾಗೇ ಕೂರಿಸಿದರೆ ಸಾಲದು. ಥ್ರಾಟಲ್ ತಿರುಗಿಸಿದಾಗ ಏಳುವ ಸ್ಲೈಡ್ ಎರಡೂ ಕಡೆ ಅಲುಗಾಡುತ್ತದೆಯೇ ನೋಡಿ. ಸವೆದ ಸ್ಲೈಡಿನ ಪಕ್ಕದಿಂದ ಗಾಳಿ ಹೋಗುತ್ತಿದ್ದರೆ ಸ್ಲೋ ಸ್ಪೀಡ್ ಎಂದೂ ನಿಲ್ಲುವುದಿಲ್ಲ. ನೀಡಲ್ ಜಾರುವ ಹಿತ್ತಾಳೆಯ ನೀಡಲ್ ಜೆಟ್ ವರ್ಷಗಟ್ಟಲೆ ಉಜ್ಜಿ ಮೊಟ್ಟೆಯಾಕಾರಕ್ಕೆ ಬಂದಿದ್ದರೆ ಅರ್ಧ ಥ್ರಾಟಲಿನಲ್ಲಿ ಗಾಡಿ ರಿಚ್ ಆಗಿಯೇ ಇರುತ್ತದೆ, ನೀಡಲಿನ ಕ್ಲಿಪ್ ಎಲ್ಲಿಟ್ಟರೂ ಸರಿಹೋಗುವುದಿಲ್ಲ. ಫ್ಲೋಟ್ ಎತ್ತರವನ್ನು ಮ್ಯಾನುಯಲ್ಲಿನ ಅಳತೆಗೇ ಕೂರಿಸಿ. ಫ್ಲೋಟ್ ಮಟ್ಟ ತಪ್ಪಿದರೆ ಎಲ್ಲ ಜೆಟ್ಟುಗಳ ಲೆಕ್ಕವೂ ಒಟ್ಟಿಗೆ ತಪ್ಪುತ್ತದೆ, ಅದರಲ್ಲೂ ಕಲ್ಲು ಹಾದಿಯಲ್ಲಿ ಗಾಡಿ ಕುಣಿಯುವಾಗ. ಜೆಟ್ ಕಟ್ಟಿಕೊಂಡರೆ ತಂತಿ ಚುಚ್ಚಬೇಡಿ. ಹಿತ್ತಾಳೆ ಮೆತ್ತಗಿನ ಲೋಹ, ಒಂದೇ ಸಲ ಗೀರಿದರೂ ಅದರ ಮೇಲಿನ ನಂಬರಿಗೆ ಬೆಲೆಯಿಲ್ಲ. ಕಾರ್ಬ್ ಕ್ಲೀನರ್ ಹೊಡೆದು, ಗಾಳಿ ಊದಿ, ಬೆಳಕಿಗೆ ಹಿಡಿದು ನೋಡಿ.

ಜೆಟ್ ಕೊಳ್ಳುವಾಗಲೂ ಎಚ್ಚರ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಸ್ಪೇರ್ಸ್ ಪೇಟೆಯಲ್ಲಿ ಅಸಲಿಯ ಪಕ್ಕದಲ್ಲೇ ನಕಲಿಯೂ ಸಿಗುತ್ತದೆ. ಒಂದೇ ನಂಬರಿನ ಎರಡು ನಕಲಿ ಜೆಟ್ಟುಗಳ ತೂತು ಬೇರೆಬೇರೆ ಇರಬಹುದು. ನಂಬರ್ ಹಾಕುವ ರೀತಿಯೂ ಎಲ್ಲರದೂ ಒಂದೇ ಅಲ್ಲ. ಕೆಲವದರಲ್ಲಿ ಅದು ತೂತಿನ ವ್ಯಾಸ, ಕೆಲವದರಲ್ಲಿ ಹರಿಯುವ ಪೆಟ್ರೋಲಿನ ಅಳತೆ. ಆದ್ದರಿಂದ ಒಂದೇ ತಯಾರಕರ, ಒಂದೇ ನಮೂನೆಯ ನಾಲ್ಕೈದು ಜೆಟ್ಟುಗಳ ಸರಣಿ ಇಟ್ಟುಕೊಂಡು ಅದರೊಳಗೇ ಹೋಲಿಸಿ.

ಥ್ರಾಟಲಿಗೆ ಒಂದು ಗುರುತು

ಯಾವ ಭಾಗ ಯಾವಾಗ ಕೆಲಸ ಮಾಡುತ್ತದೆ ಎನ್ನುವುದನ್ನು ತೀರ್ಮಾನಿಸುವುದು ಥ್ರಾಟಲ್ ಎಷ್ಟು ತೆರೆದಿದೆ ಎನ್ನುವುದು. ವೇಗವೂ ಅಲ್ಲ, ಗೇರೂ ಅಲ್ಲ. ಮುಚ್ಚಿದ ಸ್ಥಿತಿಯಿಂದ ಎಂಟನೇ ಒಂದು ಭಾಗದವರೆಗೆ ಪೈಲಟ್ ಜೆಟ್ ಮತ್ತು ಏರ್ ಸ್ಕ್ರೂ. ಅಲ್ಲಿಂದ ಕಾಲು ಭಾಗದವರೆಗೆ ಸ್ಲೈಡಿನ ಕೆಳಗಿನ ಓರೆ ಕಡಿತ. ಕಾಲಿನಿಂದ ಮುಕ್ಕಾಲಿನವರೆಗೆ ನೀಡಲ್ ಮತ್ತು ನೀಡಲ್ ಜೆಟ್. ಮುಕ್ಕಾಲಿನಿಂದ ಪೂರ್ತಿಗೆ ಮೇನ್ ಜೆಟ್. ಒಂದರ ಗಡಿ ಇನ್ನೊಂದರೊಳಗೆ ಸ್ವಲ್ಪ ಚಾಚಿಕೊಂಡಿರುತ್ತದೆ.

ಆದರೆ ಓಡಿಸುವಾಗ ಕೈಗೆ ಅಂದಾಜು ಸಿಗುವುದಿಲ್ಲ. ಅರ್ಧ ಎಂದುಕೊಂಡದ್ದು ಕಾಲು ಆಗಿರುತ್ತದೆ. ಹಿಡಿಕೆಯ ಮೇಲೆ ಒಂದು ಸುತ್ತು ಬಿಳಿ ಟೇಪ್, ಪಕ್ಕದ ಸ್ವಿಚ್ ಹೌಸಿಂಗಿನ ಮೇಲೆ ಇನ್ನೊಂದು ತುಂಡು ಟೇಪ್ ಅಂಟಿಸಿ. ಮೊದಲು ಕೇಬಲಿನ ಸಡಿಲ ತೆಗೆದು, ಸ್ಲೈಡ್ ಏಳತೊಡಗುವ ಜಾಗದಲ್ಲಿ ಎರಡರ ಮೇಲೂ ಹಾಯುವಂತೆ ಒಂದು ಗೆರೆ ಎಳೆಯಿರಿ. ಪೂರ್ತಿ ತಿರುಗಿಸಿ, ಹಿಡಿಕೆಯ ಗೆರೆ ಬಂದು ನಿಂತ ಕಡೆ ಹೌಸಿಂಗಿನ ಮೇಲೆ ಇನ್ನೊಂದು ಗೆರೆ. ನಡುವಿನ ಅಂತರವನ್ನು ನಾಲ್ಕು ಭಾಗ ಮಾಡಿ. ಈಗ ಗಾಡಿ ಎಲ್ಲಿ ಮಿಸ್ ಹೊಡೆಯುತ್ತದೆ, ಎಲ್ಲಿ ಹಿಡಿದುಕೊಳ್ಳುತ್ತದೆ ಎಂದು ಕಣ್ಣಿಗೇ ಕಾಣುತ್ತದೆ. ಈ ಟೇಪ್ ಇಲ್ಲದೆ ಮಾಡುವ ಟ್ಯೂನಿಂಗ್ ಊಹೆಯ ಕೆಲಸ.

ರಿಚ್ಚೋ ಲೀನೋ ತಿಳಿಯಲು ಚೋಕ್ ಒಳ್ಳೆಯ ಸಾಧನ. ವಿಎಂ ಕಾರ್ಬಿನ ಚೋಕ್ ಹೆಚ್ಚುವರಿ ಪೆಟ್ರೋಲ್ ಬಿಡುವ ದಾರಿ. ತೊಂದರೆ ಕೊಡುವ ಜಾಗದಲ್ಲಿ ಥ್ರಾಟಲ್ ಹಿಡಿದು ಚೋಕ್ ಎಳೆದಾಗ ಓಟ ಸುಧಾರಿಸಿದರೆ ಅಲ್ಲಿ ಲೀನ್, ಇನ್ನಷ್ಟು ಕೆಟ್ಟರೆ ರಿಚ್. ಸದ್ದೂ ಹೇಳುತ್ತದೆ. ರಿಚ್ ಗಾಡಿ ಬಡಬಡ ಎಂದು ಒಂದು ಬಿಟ್ಟು ಒಂದು ಸಲ ಉರಿದಂತೆ ಓಡುತ್ತದೆ, ಬಿಸಿಯಾದಷ್ಟೂ ಹೆಚ್ಚು. ಲೀನ್ ಗಾಡಿ ಥ್ರಾಟಲ್ ತಟ್ಟನೆ ತೆರೆದಾಗ ಒಂದು ಕ್ಷಣ ಉಸಿರು ನಿಂತಂತೆ ಬಿದ್ದು ಆಮೇಲೆ ಎಳೆಯುತ್ತದೆ. ಥ್ರಾಟಲ್ ಬಿಟ್ಟಮೇಲೂ ಆರ್‌ಪಿಎಂ ಕೆಳಗಿಳಿಯದೆ ಮೇಲೇ ನೇತಾಡುತ್ತದೆ. ಈ ನೇತಾಟ ಪೈಲಟ್ ಜೆಟ್ಟಿಗೆ ಬಗ್ಗದಿದ್ದರೆ ಮತ್ತೆ ಗಾಳಿ ಸೋರಿಕೆಯ ಕಡೆಗೇ ತಿರುಗಿ.

ಮೇಲಿನಿಂದ ಕೆಳಕ್ಕೆ

ಕಾರ್ಬಿನಲ್ಲಿ ಬಂದಿರುವ ಮೇನ್ ಜೆಟ್ಟಿನ ನಂಬರ್ ಬರೆದಿಟ್ಟುಕೊಂಡು ಅದಕ್ಕಿಂತ ಎರಡು ಹಂತ ದೊಡ್ಡದು ಹಾಕಿ. ನೀಡಲ್ ಕ್ಲಿಪ್ ನಡುವಿನ ಕಚ್ಚಿನಲ್ಲಿ, ಏರ್ ಸ್ಕ್ರೂ ಮೆಲ್ಲಗೆ ಪೂರ್ತಿ ಮುಚ್ಚಿ ಒಂದೂವರೆ ಸುತ್ತು ಹೊರಗೆ. ರನ್ನಿಂಗ್-ಇನ್ ಮುಗಿಯುವವರೆಗೆ ಇದೇ ಇರಲಿ. ಹೊಸ ರಿಂಗ್ ಬೋರಿಗೆ ಕೂರುವ ತನಕ ಎಂಜಿನ್ನಿನ ಎಳೆತ ದಿನೇ ದಿನೇ ಬದಲಾಗುತ್ತದೆ, ಆಗ ಕೂರಿಸಿದ ಟ್ಯೂನಿಂಗ್ ಆಮೇಲೆ ಉಳಿಯುವುದಿಲ್ಲ. ಹೊಗೆ ಬಂದರೆ ಬರಲಿ. ಥ್ರಾಟಲನ್ನು ಒಂದೇ ಕಡೆ ಹಿಡಿದಿಡದೆ ಏರಿಳಿಸುತ್ತಾ ಓಡಿಸಿ, ನಡುನಡುವೆ ಪೂರ್ತಿ ಆರಲು ಬಿಡಿ.

ನಿಜವಾದ ಟ್ಯೂನಿಂಗಿಗೆ ಎಲ್ಲಿಂದ ಶುರುಮಾಡಬೇಕು ಎನ್ನುವುದರಲ್ಲಿ ಭಿನ್ನಾಭಿಪ್ರಾಯ ಇದೆ. ಪೈಲಟ್ಟಿನಿಂದ ಮೇಲಕ್ಕೆ ಹೋಗುವವರು ಬಹಳ. ನಾನು ಹೇಳುವುದು ಸ್ಲೋ ಸ್ಪೀಡ್ ನಿಲ್ಲುವಷ್ಟು ಮಾತ್ರ ಸರಿಮಾಡಿಕೊಂಡು ನೇರ ಮೇನ್ ಜೆಟ್ಟಿಗೆ ಹೋಗಿ, ಅಲ್ಲಿಂದ ಕೆಳಗಿಳಿಯಿರಿ ಎಂದು. ಪಿಸ್ಟನ್ನಿಗೆ ಅತಿ ಹೆಚ್ಚು ಬಿಸಿ ಬೀಳುವುದು ಪೂರ್ತಿ ಥ್ರಾಟಲಿನಲ್ಲಿ, ಆ ತುದಿ ಮೊದಲು ಭದ್ರವಾಗಲಿ. ಮೇನ್ ಜೆಟ್ಟಿನ ಪ್ರಭಾವ ನೀಡಲಿನ ಮೇಲ್ಭಾಗದ ವ್ಯಾಪ್ತಿಗೂ ತಟ್ಟುವುದರಿಂದ ಅದು ನಿಂತಮೇಲೆ ನೀಡಲ್ ನೋಡಿದರೆ ಕೆಲಸ ಎರಡು ಸಲ ಆಗುವುದಿಲ್ಲ.

ಜನಸಂಚಾರ ಇಲ್ಲದ, ಸ್ವಲ್ಪ ಏರಿರುವ, ನೇರವಾದ ಖಾಸಗಿ ರಸ್ತೆ ಹುಡುಕಿ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಮೂರನೇ ಗೇರಿನಲ್ಲಿ ಪೂರ್ತಿ ಥ್ರಾಟಲ್ ಕೊಡಿ. ಮೇಲಿನ ಆರ್‌ಪಿಎಂನಲ್ಲಿ ಬಡಬಡ ಸದ್ದು ಬಂದು ಗಾಡಿ ಮುಂದೆ ಹೋಗಲು ತಡವರಿಸಬೇಕು, ಅದು ರಿಚ್ ಎನ್ನುವುದಕ್ಕೆ ಸಾಕ್ಷಿ. ಎರಡು ಹಂತ ದೊಡ್ಡ ಜೆಟ್ಟಿನಲ್ಲೂ ಆ ಸದ್ದು ಬರದಿದ್ದರೆ ಇನ್ನೂ ದೊಡ್ಡದು ಹಾಕಿ, ಬರುವವರೆಗೆ. ಬಂದ ಮೇಲೆ ಒಂದೊಂದೇ ಹಂತ ಇಳಿಸಿ. ಸದ್ದು ಹೋಗಿ ಓಟ ಶುದ್ಧವಾದ ಜೆಟ್ಟನ್ನು ಗುರುತಿಸಿ ಅಲ್ಲಿಗೇ ನಿಲ್ಲಿ. ಇನ್ನೊಂದು ಹಂತ ಇಳಿಸಿದರೆ ಇನ್ನೂ ಚುರುಕಾಗಬಹುದು, ಆ ಚುರುಕಿನ ಬೆಲೆ ಆಗಲೇ ಹೇಳಿದ್ದೇನೆ.

ಈಗ ಪ್ಲಗ್ ಓದುವುದು. ಹೊಸ ಪ್ಲಗ್ ಹಾಕಿ, ಅದೇ ರಸ್ತೆಯಲ್ಲಿ ಎಂಟು-ಹತ್ತು ಸೆಕೆಂಡ್ ಪೂರ್ತಿ ಥ್ರಾಟಲಿನಲ್ಲಿ ಹೋಗಿ, ಥ್ರಾಟಲ್ ಬಿಡದೆ ಕ್ಲಚ್ ಹಿಡಿಯುವುದು ಮತ್ತು ಇಗ್ನಿಷನ್ ಕಡಿಯುವುದನ್ನು ಒಂದೇ ಕ್ಷಣದಲ್ಲಿ ಮಾಡಬೇಕು. ಓಡುವ ಗಾಡಿಯಲ್ಲಿ ಕೀಲಿಗೆ ಕೈ ಹಾಕುವುದು ಅಪಾಯ, ಹ್ಯಾಂಡಲಿಗೆ ಒಂದು ಕಿಲ್ ಸ್ವಿಚ್ ಹಾಕಿಸಿಕೊಳ್ಳಿ. ಸ್ಲೋ ಸ್ಪೀಡಿನಲ್ಲಿ ಮನೆ ತನಕ ಬಂದು ಬಿಚ್ಚಿದ ಪ್ಲಗ್ ಹೇಳುವುದು ಸ್ಲೋ ಸ್ಪೀಡಿನ ಕತೆ ಮಾತ್ರ. ಬಿಚ್ಚಿದ ಪ್ಲಗ್ಗಿನಲ್ಲಿ ಎಲ್ಲರೂ ನೋಡುವುದು ಪಿಂಗಾಣಿಯ ತುದಿಯನ್ನು. ನೋಡಬೇಕಾದದ್ದು ಅದರ ಬುಡ, ಪಿಂಗಾಣಿ ಲೋಹದ ಒಳಗೆ ಇಳಿದು ಸೇರುವ ಆಳದ ಜಾಗ. ಅಲ್ಲಿ ಸಣ್ಣದೊಂದು ಉಂಗುರ ಬಿದ್ದಿರುತ್ತದೆ. ಟಾರ್ಚ್ ಹಾಕಿ ಭೂತಗನ್ನಡಿಯಲ್ಲಿ ನೋಡಿ, ಕಾಣದಿದ್ದರೆ ಹ್ಯಾಕ್ಸಾ ಬ್ಲೇಡಿನಿಂದ ಥ್ರೆಡ್ಡಿನ ಭಾಗ ಸುತ್ತಲೂ ಕೊಯ್ದು ತೆಗೆಯಿರಿ. ಒಂದು ಪ್ಲಗ್ ಹೋದರೂ ನಷ್ಟವಲ್ಲ. ಉಂಗುರ ಹಾಲು ಬೆರೆತ ಕಾಫಿಯ ಬಣ್ಣಕ್ಕಿದ್ದರೆ ಸರಿ. ಕಪ್ಪಗೆ ದಪ್ಪವಾಗಿದ್ದರೆ ರಿಚ್. ಉಂಗುರವೇ ಇಲ್ಲದಿದ್ದರೆ ಲೀನ್. ಪಿಂಗಾಣಿಯ ಮೇಲೆ ಬೂದು ಬಣ್ಣದ ಹೊಳೆಯುವ ಸಣ್ಣ ಚುಕ್ಕೆಗಳು ಕಂಡರೆ ಅವು ಪಿಸ್ಟನ್ನಿನ ಅಲ್ಯೂಮಿನಿಯಂ. ಅಲ್ಲಿಗೇ ನಿಲ್ಲಿಸಿ ಹೆಡ್ ಬಿಚ್ಚಿ. ಈಗಿನ ಪೆಟ್ರೋಲಿಗೂ ಎಣ್ಣೆಗೂ ಬಣ್ಣ ಮೊದಲಿಗಿಂತ ತಿಳಿಯಾಗಿ ಬೀಳುತ್ತದೆ, ಆದ್ದರಿಂದ ಬಣ್ಣ ಒಂದನ್ನೇ ನಂಬಬೇಡಿ. ಸದ್ದು ಹೇಳಿದ್ದನ್ನು ಪ್ಲಗ್ ಒಪ್ಪುತ್ತದೆಯೇ ನೋಡುವುದಷ್ಟೇ ಉದ್ದೇಶ.

ಪ್ಲಗ್ ಕೊಳ್ಳುವಾಗ ಹೀಟ್ ರೇಂಜ್ ಮರೆಯಬಾರದು. ಎನ್‌ಜಿಕೆ ಪ್ಲಗ್ಗುಗಳಲ್ಲಿ ಸಂಖ್ಯೆ ದೊಡ್ಡದಾದಷ್ಟೂ ಪ್ಲಗ್ ತಣ್ಣಗಿನದು. ನಮ್ಮ ಆಡುಗೋಡಿಯ ಮೈಕೋ, ಅಂದರೆ ಈಗಿನ ಬಾಷ್, ಅದರಲ್ಲಿ ಲೆಕ್ಕ ತಿರುಗುಮುರುಗು. ಗೊತ್ತಿಲ್ಲದೆ ಬಿಸಿ ಪ್ಲಗ್ ಹಾಕಿದರೆ ರಿಚ್ ಮಿಶ್ರಣವೂ ಒಳ್ಳೆಯ ಬಣ್ಣ ತೋರಿಸಿ ದಾರಿ ತಪ್ಪಿಸುತ್ತದೆ.

ಮೇನ್ ಜೆಟ್ ನಿಂತಿತು. ಆದರೆ ಮಣ್ಣಿನ ಹಾದಿಯಲ್ಲಿ ಪೂರ್ತಿ ಥ್ರಾಟಲ್ ಸಿಗುವುದೇ ಅಪರೂಪ. ತೋಟದೊಳಗಿನ ತಿರುವು, ಕಲ್ಲು, ಕೆಸರು, ಏರು, ಎಲ್ಲವೂ ಕಾಲಿನಿಂದ ಮುಕ್ಕಾಲು ಥ್ರಾಟಲಿನಲ್ಲಿ ಕಳೆಯುತ್ತವೆ. ಅಲ್ಲಿನ ಯಜಮಾನ ನೀಡಲ್. ನೀಡಲಿನ ತಲೆಯ ಕ್ಲಿಪ್ ಮೇಲಿನ ಕಚ್ಚಿಗೆ ಹೋದರೆ ನೀಡಲ್ ಕೆಳಗಿಳಿಯುತ್ತದೆ, ಪೆಟ್ರೋಲ್ ಕಡಿಮೆ. ಕ್ಲಿಪ್ ಕೆಳಗೆ ಬಂದರೆ ನೀಡಲ್ ಏರುತ್ತದೆ, ಪೆಟ್ರೋಲ್ ಹೆಚ್ಚು. ಇದನ್ನು ಉಲ್ಟಾ ಮಾಡಿ ತೊಂದರೆ ಹೆಚ್ಚಿಸಿಕೊಳ್ಳುವವರು ಬಹಳ ಜನ, ಬಿಚ್ಚಿದಾಗ ಕೈಯಲ್ಲಿ ಹಿಡಿದು ಒಮ್ಮೆ ಯೋಚಿಸಿ. ಅರ್ಧ ಥ್ರಾಟಲಿನಲ್ಲಿ ಒಂದೇ ಸಮ ಓಡಿಸಿ. ಬಡಬಡ ಎಂದರೆ ಕ್ಲಿಪ್ ಒಂದು ಕಚ್ಚು ಮೇಲಕ್ಕೆ. ಏರಿನಲ್ಲಿ ಕಟಕಟ ಎಂಬ ಲೋಹದ ಸದ್ದು ಬಂದರೆ, ಅಥವಾ ಓಟದಲ್ಲಿ ಎಂಜಿನ್ ಬಿಸಿಯೇರಿ ಎಳೆತ ಕುಗ್ಗಿದರೆ ಒಂದು ಕಚ್ಚು ಕೆಳಕ್ಕೆ. ಕಾಲು ಥ್ರಾಟಲಿನಿಂದ ತಟ್ಟನೆ ಮುಕ್ಕಾಲಿಗೆ ತೆರೆದಾಗ ಹಿಂಬದಿ ಚಕ್ರ ತಡವಿಲ್ಲದೆ ಮಣ್ಣು ಕೆದರಬೇಕು. ನೀಡಲ್ ಸರಿಯಾಗಿದೆ ಎನ್ನುವುದಕ್ಕೆ ಅದಕ್ಕಿಂತ ಬೇರೆ ಪರೀಕ್ಷೆ ಬೇಡ.

ಸ್ಲೈಡಿನ ಓರೆ ಕಡಿತವನ್ನು ಬದಲಿಸುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ, ಬೇರೆ ನಂಬರಿನ ಸ್ಲೈಡ್ ಸಿಗುವುದೂ ಕಷ್ಟ. ಪೈಲಟ್ ಮತ್ತು ನೀಡಲ್ ಎರಡೂ ಸರಿ ಕೂತರೆ ನಡುವಿನ ಆ ಸಣ್ಣ ವ್ಯಾಪ್ತಿ ತಾನೇ ಸರಿಹೋಗುತ್ತದೆ.

ಕೊನೆಗೆ ಪೈಲಟ್. ಬಿಸಿ ಎಂಜಿನ್ನಿನಲ್ಲಿ ಸ್ಲೋ ಸ್ಪೀಡ್ ಸ್ವಲ್ಪ ಏರಿಸಿಕೊಂಡು ಏರ್ ಸ್ಕ್ರೂವನ್ನು ಕಾಲು ಕಾಲು ಸುತ್ತು ತಿರುಗಿಸುತ್ತಾ, ಪ್ರತಿ ಸಲವೂ ಎಂಜಿನ್ ಉತ್ತರ ಕೊಡುವವರೆಗೆ ಕಾಯುತ್ತಾ, ಆರ್‌ಪಿಎಂ ಅತಿ ಹೆಚ್ಚಾಗುವ ಜಾಗ ಹುಡುಕಿ. ಫಿಲ್ಟರ್ ಕಡೆಗಿರುವ ಈ ಸ್ಕ್ರೂ ಗಾಳಿಯದು, ಒಳಗೆ ಹೋದರೆ ರಿಚ್, ಹೊರಗೆ ಬಂದರೆ ಲೀನ್. ಎಂಜಿನ್ ಕಡೆಗೆ ಸ್ಕ್ರೂ ಇರುವ ಕಾರ್ಬುಗಳಲ್ಲಿ ಇದು ಉಲ್ಟಾ. ಆ ಜಾಗ ಒಂದರಿಂದ ಎರಡೂವರೆ ಸುತ್ತಿನೊಳಗೆ ಸಿಕ್ಕರೆ ಪೈಲಟ್ ಜೆಟ್ ಸರಿಯಾಗಿದೆ. ಒಂದು ಸುತ್ತಿಗಿಂತ ಒಳಗೆ ಸಿಕ್ಕರೆ ದೊಡ್ಡ ಪೈಲಟ್ ಬೇಕು, ಎರಡೂವರೆ ದಾಟಿದರೆ ಸಣ್ಣದು. ಬೆಳಿಗ್ಗೆ ಚಳಿ, ಮಧ್ಯಾಹ್ನ ಬಿಸಿಲು ಎಂದು ದಿನದೊಳಗೆ ಬದಲಿಸಬೇಕಾಗುವುದೂ ಈ ಸ್ಕ್ರೂ ಒಂದನ್ನೇ.

ಪೆಟ್ರೋಲ್ ಮತ್ತು ಘಾಟಿ

2023ರ ಫೆಬ್ರುವರಿಯಲ್ಲಿ ಶೇ 20 ಎಥನಾಲ್ ಬೆರೆತ ಪೆಟ್ರೋಲಿಗೆ ದೇಶದಲ್ಲಿ ಚಾಲನೆ ಸಿಕ್ಕಿದ್ದು ಬೆಂಗಳೂರಿನಲ್ಲಿಯೇ. ಈಗ ಬಂಕುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಅದೇ. ಒಂದು ಕೆ.ಜಿ. ಶುದ್ಧ ಪೆಟ್ರೋಲ್ ಉರಿಯಲು ಸುಮಾರು 14.7 ಕೆ.ಜಿ. ಗಾಳಿ ಬೇಕು. ಎಥನಾಲ್ ತನ್ನೊಳಗೇ ಆಮ್ಲಜನಕ ಇಟ್ಟುಕೊಂಡಿರುವುದರಿಂದ ಅದಕ್ಕೆ 9 ಕೆ.ಜಿ. ಸಾಕು. ಶೇ 20ರ ಮಿಶ್ರಣಕ್ಕೆ ಲೆಕ್ಕ ಹಾಕಿದರೆ ಸುಮಾರು 13.5. ಅಂದರೆ ಅಷ್ಟೇ ಗಾಳಿಗೆ ಸುಮಾರು ಶೇ 9ರಷ್ಟು ಹೆಚ್ಚು ಇಂಧನ ಬೇಕು, ಹಳೆಯ ಜೆಟ್ ಅದನ್ನು ಕೊಡುವುದಿಲ್ಲ. ಎಂಬತ್ತರ ದಶಕದ ಪೆಟ್ರೋಲಿಗೆ ಕೂರಿಸಿದ ಕಂಪನಿ ಜೆಟ್ ಇಂದಿನ ಪೆಟ್ರೋಲಿನಲ್ಲಿ ಲೀನ್ ಕಡೆಗೆ ವಾಲಿದೆ.

ಎತ್ತರ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಎಳೆಯುತ್ತದೆ. ಸಮುದ್ರಮಟ್ಟದಿಂದ 1,000 ಮೀಟರ್ ಏರಿದರೆ ಗಾಳಿಯ ಸಾಂದ್ರತೆ ಹತ್ತಿರಹತ್ತಿರ ಶೇ 10 ಇಳಿಯುತ್ತದೆ. ಆದರೆ ಕಾರ್ಬಿನಲ್ಲಿ ಎಳೆತವೂ ಕಡಿಮೆಯಾಗಿ ಪೆಟ್ರೋಲೂ ಸ್ವಲ್ಪ ಕಡಿಮೆ ಬರುವುದರಿಂದ ಮಿಶ್ರಣ ರಿಚ್ ಆಗುವುದು ಅದರ ಅರ್ಧ, ಸುಮಾರು ಶೇ 5. ಚಿಕ್ಕಮಗಳೂರು ಇರುವುದು 1,000 ಮೀಟರಿಗಿಂತ ಸ್ವಲ್ಪ ಮೇಲೆ, ಬೆಂಗಳೂರು 900 ಮೀಟರಿನ ಆಚೆಈಚೆ. ಎತ್ತರ ಕೊಟ್ಟ ಶೇ 5, ಎಥನಾಲ್ ಕಿತ್ತುಕೊಂಡ ಶೇ 9, ಎರಡನ್ನೂ ಸೇರಿಸಿ ನೋಡಿದರೆ ಘಟ್ಟದ ಮೇಲಿನ ಊರುಗಳಲ್ಲೂ ಕಂಪನಿ ಜೆಟ್ ಈಗ ಸ್ವಲ್ಪ ಲೀನೇ. ಮಂಗಳೂರಿನಲ್ಲಿ, ಕಾರವಾರದಲ್ಲಿ ಪೂರ್ತಿ ಕೊರತೆ. "ಸ್ಟಾಕ್ ಜೆಟ್ ಹಾಕಿಬಿಡಿ, ತೊಂದರೆಯಿಲ್ಲ" ಎನ್ನುವ ಮಾತು ಹಿಂದೆ ಸರಿಯಿತ್ತು. ಹೊಸದಾಗಿ ಕಟ್ಟಿದ ಎಂಜಿನ್ನಿಗೆ ಇವತ್ತು ಅದು ಸರಿಯಲ್ಲ.

ಎಥನಾಲ್ ನೀರನ್ನು ಎಳೆದುಕೊಳ್ಳುವ ಗುಣದ್ದು. ಮಲೆನಾಡಿನ ಮಳೆಗಾಲದಲ್ಲಿ ವಾರಗಟ್ಟಲೆ ನಿಂತ ಗಾಡಿಯ ಫ್ಲೋಟ್ ಬಟ್ಟಲಿನ ತಳದಲ್ಲಿ ನೀರು ಸೇರುತ್ತದೆ, ಪೈಲಟ್ ಜೆಟ್ಟಿನಲ್ಲಿ ಹಸಿರು ಅಂಟು ಕಟ್ಟುತ್ತದೆ. ಗಾಡಿ ನಿಲ್ಲಿಸುವ ಮೊದಲು ಕಾಕ್ ಮುಚ್ಚಿ ಬಟ್ಟಲು ಖಾಲಿ ಮಾಡಿ. ಹಳೆಯ ರಬ್ಬರ್ ಕೊಳವೆ, ಓ-ರಿಂಗ್ ಕೂಡ ಈ ಪೆಟ್ರೋಲಿಗೆ ಬೇಗ ಸೋಲುತ್ತವೆ, ಎಂಜಿನ್ ಕೆಲಸದ ಜೊತೆಗೇ ಬದಲಿಸಿ.

ಘಾಟಿ ಹತ್ತುವಾಗ ಹೆದರಬೇಕಾಗಿಲ್ಲ. ಮಂಗಳೂರಿನಲ್ಲಿ ಕೂರಿಸಿದ ಗಾಡಿ ಚಾರ್ಮಾಡಿ ಏರಿದರೆ ರಿಚ್ ಆಗಿ ಸ್ವಲ್ಪ ಮಂಕಾಗುತ್ತದೆ, 1,930 ಮೀಟರಿನ ಮುಳ್ಳಯ್ಯನಗಿರಿಯ ಕಡೆ ಇನ್ನೂ ಮಂಕು, ಅಷ್ಟೆ. ಅಪಾಯ ಇರುವುದು ಇಳಿಯುವವರಿಗೆ. ಚಿಕ್ಕಮಗಳೂರಿನಲ್ಲಿ ಅಂಚಿಗೆ ಕೂರಿಸಿದ ಮೇನ್ ಜೆಟ್ ಕರಾವಳಿಯ ದಟ್ಟ ಗಾಳಿಯಲ್ಲಿ ಶೇ 5ರಷ್ಟು ಲೀನ್. ಅಲ್ಲಿನ ಸೆಕೆ ಒಂದಿಷ್ಟು ಸರಿದೂಗಿಸುತ್ತದೆ, 10 ಡಿಗ್ರಿ ಬಿಸಿ ಹೆಚ್ಚಾದರೆ ಮಿಶ್ರಣ ಶೇ 2ಕ್ಕೆ ತುಸು ಕಡಿಮೆಯಷ್ಟು ರಿಚ್ ಕಡೆಗೆ ಸರಿಯುತ್ತದೆ. ಮಿಕ್ಕದ್ದನ್ನು ಜೆಟ್ ತುಂಬಬೇಕು. ಕೆಳಗೆ ಟ್ರ್ಯಾಕಿನಲ್ಲಿ ಓಡಿಸುವುದಿದ್ದರೆ ಹೊರಡುವ ಮೊದಲೇ ಒಂದೆರಡು ಹಂತ ದೊಡ್ಡ ಮೇನ್ ಜೆಟ್ ಹಾಕಿಕೊಂಡು ಇಳಿಯಿರಿ.

ಇಳಿಜಾರಿನಲ್ಲಿ ಇನ್ನೊಂದು ವಿಷಯವಿದೆ, ಅದಕ್ಕೆ ಯಾವ ಜೆಟ್ಟೂ ಸಹಾಯ ಮಾಡುವುದಿಲ್ಲ. ಎಣ್ಣೆ ಬೆರೆಸಿ ಓಡಿಸುವ ಗಾಡಿಯಲ್ಲಿ ಥ್ರಾಟಲ್ ಪೂರ್ತಿ ಮುಚ್ಚಿ, ಗೇರಿನಲ್ಲಿ ಎಂಜಿನ್ ಬ್ರೇಕ್ ಹಿಡಿದು ಘಾಟಿ ಇಳಿದರೆ ಎಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಒಳಗೆ ಬರುವ ಪೆಟ್ರೋಲೂ ಎಣ್ಣೆಯೂ ಸ್ಲೋ ಸ್ಪೀಡಿನಷ್ಟೇ. ಮೈಲಿಗಟ್ಟಲೆ ಹೀಗೆ ಇಳಿದ ಹೊಸ ಪಿಸ್ಟನ್ ಒಣಗಿ ಕಚ್ಚಿಕೊಳ್ಳುತ್ತದೆ. ಎರಡೂ ಬ್ರೇಕಿನ ಮೇಲೆ ಹೆಚ್ಚು ಭಾರ ಹಾಕಿ ಇಳಿಯಿರಿ, ಒಂದೊಂದು ತಿರುವಿಗೂ ಕ್ಲಚ್ ಹಿಡಿದು ಥ್ರಾಟಲನ್ನು ಒಮ್ಮೆ ತೆರೆದು ಎಂಜಿನ್ನಿಗೆ ಎಣ್ಣೆ ಕುಡಿಸಿ.